ಪಕ್ಕದ ಮನೆಯ ಕರೆಗಂಟೆ



ಹಾಸನದ ಕಡೆಯ ತಾಯಿಯೊಬ್ಬರು ನನಗೆ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಮಗಳಿಗೆ ಮದುವೆಯಾಗಿ ಮೂರು ತಿಂಗಳಾಗಿದೆಯಂತೆ. ಅಳಿಯಂದಿರಿಗೆ ಜರ್ಮನಿಯಲ್ಲಿ ಕೆಲಸ. ವೀಸಾ ಕೈಗೆ ಬಂದರೆ ಮಗಳೂ ಹೊರಟಳೆಂದೇ ಲೆಕ್ಕ. ಸಾರಿನ ಪುಡಿ ಎಷ್ಟು ಕಟ್ಟಿಕೊಡಲಿ, ಕುಕ್ಕರು ಇಲ್ಲಿಂದಲೇ ಕಳಿಸಲೇ, ಸ್ವೆಟರು ಎಷ್ಟು ಬೇಕು ಎಂದು ಮೂರೂಮುಕ್ಕಾಲು ಪುಟ ಬರೆದು, ಉಳಿದ ಕಾಲು ಪುಟದಲ್ಲಿ ಅಸಲು ಮಾತು ಕೇಳಿದ್ದಾರೆ: "ಅವಳು ಮನೆ ತುಂಬ ಜನರ ನಡುವೆ ಬೆಳೆದವಳು. ಅಲ್ಲಿ ಹಗಲೆಲ್ಲ ಒಬ್ಬಳೇ. ಏನಾದರೂ ಕಷ್ಟ ಅಂದರೆ ಪಕ್ಕದ ಮನೆಯವರು ಬರುತ್ತಾರೆಯೇ?"

ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನ್ನಿಂದಾಗಲಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನೇ ಆ ಪ್ರಶ್ನೆಗೆ ಮೀಸಲಿಟ್ಟಿದ್ದೇನೆ. ಮಕ್ಕಳನ್ನು ಪರದೇಶಕ್ಕೆ ಕಳಿಸಿದ, ಕಳಿಸಲಿರುವ ಬೇರೆ ತಾಯಂದಿರಿಗೂ ಉಪಯೋಗವಾದೀತು.

ನಾವು ಸ್ಟುಟ್‌ಗಾರ್ಟಿಗೆ ಬಂದದ್ದು 2009ರ ನವೆಂಬರಿನಲ್ಲಿ. ಜರ್ಮನಿಯ ನೈಋತ್ಯ ಮೂಲೆಯ ಊರು ಇದು. ಮರ್ಸಿಡಿಸ್, ಪೋರ್ಷೆ ಕಾರುಗಳ ತವರು. ಹಾಗಾಗಿ ನಮ್ಮ ಕಡೆಯ ಎಂಜಿನಿಯರುಗಳಿಗೆ ಹೆಸರು ಪರಿಚಿತ. ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ನಮ್ಮವರು ಬೆಳಿಗ್ಗೆ ಏಳೂವರೆಗೆ ಹೊರಟರೆಂದರೆ ಮನೆಯಲ್ಲಿ ನಾನು, ಗೋಡೆ ಗಡಿಯಾರ, ಇಬ್ಬರೇ. ನಮ್ಮ ಕಟ್ಟಡದಲ್ಲಿ ಆರು ಸಂಸಾರ. ಕೆಳಗೆ ಬೀದಿ ಬಾಗಿಲಲ್ಲಿ ಆರು ಕರೆಗಂಟೆ, ಒಂದೊಂದರ ಪಕ್ಕದಲ್ಲೂ ಮನೆಯವರ ಹೆಸರಿನ ಪುಟ್ಟ ಪಟ್ಟಿ. ಮನೆ ಮನೆಗೂ ಬೇರೆ ನಂಬರು ಎಂಬುದು ಇಲ್ಲಿ ವಾಡಿಕೆಯಲ್ಲ, ಹೆಸರೇ ವಿಳಾಸ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬಂದ ಕಾಗದ ಬಂದ ಹಾಗೇ ವಾಪಸು. ಆರು ಹೆಸರು, ಆರು ಗಂಟೆ. ಆದರೆ ನಾನು ಬಂದ ಮೊದಲ ಎರಡು ವಾರ ಒಬ್ಬರೂ ನಮ್ಮ ಗಂಟೆ ಒತ್ತಲಿಲ್ಲ ನೋಡಿ! ನಮ್ಮೂರಲ್ಲಿ ಹೊಸಬರು ಬಂದು ಲಾರಿಯಿಂದ ಸಾಮಾನು ಇಳಿಸುವಷ್ಟರಲ್ಲಿ ಎದುರು ಮನೆಯಿಂದ ಕಾಫಿ, ಪಕ್ಕದ ಮನೆಯಿಂದ ನೀರಿನ ಕೊಡ, ಮೂರನೆಯ ಮನೆಯಿಂದ "ಯಾವ ಕಡೆಯೋರು ನೀವು?" ಎಂಬ ವಿಚಾರಣೆ ಬಂದೇ ಬರುತ್ತದೆ. ಇಲ್ಲಿ ಮೆಟ್ಟಿಲ ಮೇಲೆ ಎದುರಾದರೆ ಒಂದು ನಮಸ್ಕಾರ, ಅಷ್ಟೇ. ಕಲ್ಲು ಮನಸ್ಸಿನ ಜನ ಎಂದು ತೀರ್ಮಾನ ಮಾಡಿಬಿಟ್ಟೆ.

ಮೂರನೆಯ ವಾರ ನಮ್ಮ ಬಾಗಿಲಿನ ಹಿಡಿಗೆ ಯಾರೋ ಒಂದು ಹಲಗೆ ತೂಗುಹಾಕಿದ್ದರು. ಮೇಲೆ ದಪ್ಪಕ್ಷರದಲ್ಲಿ ಏನೋ ಬರೆದಿತ್ತು. ಹೊಸಬರಿಗೆ ಸ್ವಾಗತ ಕೋರಿ ತೋರಣದ ಹಾಗೆ ಕಟ್ಟಿರಬೇಕು ಎಂದುಕೊಂಡು ಹಿಗ್ಗಿದೆ. ಅದರ ಪಟ ತೆಗೆದು ಅಮ್ಮನಿಗೂ ಕಳಿಸಿದೆ. ವಾರ ಕಳೆಯಿತು. ಭಾನುವಾರ ಬೆಳಿಗ್ಗೆ ಬಾಗಿಲ ಸಂದಿಯಿಂದ ಒಂದು ಚೀಟಿ ಬಂದು ಬಿದ್ದಿತ್ತು. ನಿಘಂಟು ಹಿಡಿದು ಓದಿದಾಗ ಗೊತ್ತಾದದ್ದು: ಆ ಹಲಗೆ ಇದ್ದ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ನಮ್ಮದು! ನಾವು ಮಾಡಿರಲಿಲ್ಲ. "ದಯವಿಟ್ಟು ಮುಂದಿನ ಸಲ ಗಮನಿಸಿ" ಎಂದು ಕೆಳಗಿನ ಮಹಡಿಯ ಅಜ್ಜಿ ಬರೆದಿದ್ದರು.

ಇದಕ್ಕೆ ಇಲ್ಲಿ 'ಕೇರ್‌ವೊಖೆ' ಎನ್ನುತ್ತಾರೆ. ಗುಡಿಸುವ ವಾರ ಎಂದು ಅರ್ಥ. ಇದು ಈ ಸೀಮೆಯ ಹಳೆಯ ಕಟ್ಟಳೆ. 1714ರಲ್ಲಿ ಇಲ್ಲಿಯ ದೊರೆ ಬೀದಿ ಚೊಕ್ಕಟವಾಗಿಡಬೇಕೆಂದು ಆಜ್ಞೆ ಹೊರಡಿಸಿದ್ದನಂತೆ. ಸ್ಟುಟ್‌ಗಾರ್ಟ್ ನಗರಸಭೆ 1988ರಲ್ಲಿ ತನ್ನ ಕಡ್ಡಾಯವನ್ನು ತೆಗೆದುಹಾಕಿತು. ಆದರೂ ಬಾಡಿಗೆ ಕರಾರುಗಳಲ್ಲಿ, ಮನೆಯ ನಿಯಮಗಳ ಪಟ್ಟಿಯಲ್ಲಿ ಅದು ಹಾಗೇ ಉಳಿದುಕೊಂಡಿದೆ. ಚಿಕ್ಕ ಪಾಳಿಯೆಂದರೆ ಮೆಟ್ಟಿಲು; ದೊಡ್ಡ ಪಾಳಿಯೆಂದರೆ ನೆಲಮಾಳಿಗೆ, ಅಂಗಳ, ಮನೆ ಮುಂದಿನ ಕಾಲುದಾರಿ, ಚಳಿಗಾಲದಲ್ಲಿ ಹಿಮ ಬಿದ್ದರೆ ಅದನ್ನು ಬಾಚುವುದೂ ಸೇರಿ. ಕೆಲಸದವಳಿಲ್ಲ, ಕಾವಲುಗಾರನಿಲ್ಲ. ದೊಡ್ಡ ಹುದ್ದೆಯ ಯಜಮಾನರೂ ಶನಿವಾರ ಪೊರಕೆ ಹಿಡಿದು ಬೀದಿಯಲ್ಲಿ ನಿಂತಿರುತ್ತಾರೆ. ಮೂಗಿನ ಮೇಲೆ ಬೆರಳಿಡಬೇಡಿ, ನಿಜ!

ಆ ಚೀಟಿ ಓದಿ ನಾನು ಅತ್ತುಬಿಟ್ಟೆ. ಗುಡಿಸಲು ಬೇಸರವಿರಲಿಲ್ಲ, ಬಾಯಿ ಬಿಟ್ಟು ಹೇಳಬಾರದಿತ್ತೇ, ಹೀಗೆ ಚೀಟಿ ಹಾಕುವುದೇ ಎಂಬ ಸಂಕಟ. ಮುಂದಿನ ಪಾಳಿ ಬಂದಾಗ ಇವರಿಗೆ ತೋರಿಸಿಯೇ ಬಿಡುತ್ತೇನೆ ಎಂಬ ಹಟದಿಂದ ಎರಡು ಬಕೆಟು ನೀರು ತಂದು ಮೇಲಿನಿಂದ ಸುರಿದು, ನಮ್ಮ ಅಜ್ಜಿಮನೆಯ ಪಡಸಾಲೆ ತೊಳೆಯುವ ಹಾಗೆ ಮೆಟ್ಟಿಲು ತೊಳೆಯಲು ಶುರುಮಾಡಿದೆ. ನೀರು ಜಲಪಾತದ ಹಾಗೆ ಇಳಿದು, ಎಲ್ಲರ ಕಾಲೊರಸು ನೆನೆಸಿ, ಸೀದಾ ನೆಲಮಾಳಿಗೆಗೆ ಹೋಯಿತು. ಇಲ್ಲಿ ನೀರು ಹರಿದುಹೋಗಲು ಮೋರಿ ಎಲ್ಲಿದೆ! ಅಜ್ಜಿ ಬಾಗಿಲು ತೆರೆದು ನೋಡಿದರು. ಒಂದು ಮಾತಾಡಲಿಲ್ಲ. ಒಳಗೆ ಹೋಗಿ ತಮ್ಮ ಕೋಲುಬಟ್ಟೆ ತಂದು, ಚೆನ್ನಾಗಿ ಹಿಂಡಿ, ಹೇಗೆ ಒರೆಸಬೇಕೆಂದು ಮೂರು ಮೆಟ್ಟಿಲು ಒರೆಸಿ ತೋರಿಸಿದರು. ಉಳಿದದ್ದನ್ನು ಇಬ್ಬರೂ ಕೂಡಿ ಮುಗಿಸಿದೆವು. ನಮ್ಮ ಪರಿಚಯ ಆದದ್ದು ಹೀಗೆ.

ಆಮೇಲೆ ಸಲಿಗೆ ಬೆಳೆದ ಮೇಲೆ ಕೇಳಿದೆ, ಅಂದು ಚೀಟಿ ಯಾಕೆ ಹಾಕಿದಿರಿ ಎಂದು. ಅವರು ಹೇಳಿದ್ದು: "ಬಾಗಿಲಿಗೆ ಬಂದು ಹೇಳಿದ್ದರೆ ನನ್ನೆದುರು ನಿಮಗೆ ಮುಖ ಕೆಳಗಾಗುತ್ತಿತ್ತು. ಚೀಟಿಯಾದರೆ ಒಬ್ಬರೇ ಓದಿಕೊಳ್ಳಬಹುದು." ನಾನು ಅವಮಾನ ಎಂದುಕೊಂಡದ್ದು ಅವರ ಲೆಕ್ಕದಲ್ಲಿ ಮರ್ಯಾದೆ! ಪರದೇಶದಲ್ಲಿ ಮೊದಲ ವರ್ಷದ ಕಣ್ಣೀರಿನಲ್ಲಿ ಅರ್ಧ ಇಂಥದ್ದೇ, ಸೋದರಿಯರೇ.

ಇಂಥ ಇನ್ನೂ ಕೆಲವನ್ನು ಹೇಳುತ್ತೇನೆ. ಹೊರಡುವ ಹೆಣ್ಣುಮಕ್ಕಳಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಮೊದಲನೆಯದು ಭಾನುವಾರ. ಇಲ್ಲಿ ಭಾನುವಾರದ ವಿಶ್ರಾಂತಿಗೆ ಸಂವಿಧಾನದಲ್ಲೇ ರಕ್ಷಣೆಯಿದೆ. ಅಂಗಡಿ ಮುಂಗಟ್ಟುಗಳೆಲ್ಲ ಮುಚ್ಚಿರುತ್ತವೆ. ಶನಿವಾರವೇ ಹಾಲು, ತರಕಾರಿ ತಂದಿಟ್ಟುಕೊಳ್ಳದಿದ್ದರೆ ಭಾನುವಾರ ಗೊಡ್ಡು ಸಾರೇ ಗತಿ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ. ಖಾಲಿ ಸೀಸೆಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕುವಂತೆಯೂ ಇಲ್ಲ. ಒಡೆಯುವ ಸದ್ದು ಕೇಳುತ್ತದಲ್ಲ! ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೂ ಹಾಗೆಯೇ ಸದ್ದಡಗಿರಬೇಕು. ಬೆಳಗಿನ ಜಾವ ನಾಲ್ಕಕ್ಕೆದ್ದು ಮಿಕ್ಸಿಯಲ್ಲಿ ಚಟ್ನಿ ತಿರುವುವ ಅಭ್ಯಾಸವಿದ್ದವರು ಬಿಡಬೇಕು.

ಎರಡನೆಯದು ಕಸ. ಕಾಗದಕ್ಕೊಂದು, ಅಡಿಗೆಮನೆಯ ಸಿಪ್ಪೆಗೊಂದು, ಪ್ಯಾಕೆಟುಗಳಿಗೊಂದು, ಉಳಿದದ್ದಕ್ಕೊಂದು ಡಬ್ಬ. ಗಾಜಿನಲ್ಲೂ ಬಿಳಿ, ಹಸಿರು, ಕಂದು ಬೇರೆ ಬೇರೆ. ಪ್ಲಾಸ್ಟಿಕ್ ಬಾಟಲಿಯ ನೀರು ಕೊಂಡರೆ ಬಾಟಲಿಗೆಂದು 25 ಸೆಂಟು ಮುಂಗಡ ಹಿಡಿಯುತ್ತಾರೆ; ಖಾಲಿ ಬಾಟಲಿ ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು. ಇದು 2003ರಿಂದ ಬಂದ ಪದ್ಧತಿ. ಹಳೆ ಪೇಪರು, ಖಾಲಿ ಸೀಸೆಯವನಿಗಾಗಿ ಕಾದು, ತೂಕದಲ್ಲಿ ಮೋಸ ಮಾಡಿದ ಎಂದು ಜಗಳವಾಡಿ ಬೆಳೆದ ನಮಗೆ ಇದು ಬೇಗ ಒಗ್ಗುತ್ತದೆ!

ಮೂರನೆಯದು ಕಿಟಕಿ. ಹೊರಗೆ ನೀರು ಗಡ್ಡೆಕಟ್ಟುವ ಚಳಿಯಿದ್ದರೂ ದಿನಕ್ಕೆರಡು ಮೂರು ಸಲ ಐದೈದು ನಿಮಿಷ ಎಲ್ಲ ಕಿಟಕಿಗಳನ್ನೂ ಅಗಲವಾಗಿ ತೆರೆಯುತ್ತಾರೆ. ಮೊದಲು ನನಗೆ ಹುಚ್ಚೆನಿಸಿತ್ತು. ಆದರೆ ನಮ್ಮ ಅಡಿಗೆಯಲ್ಲಿ ಆವಿ ಹೆಚ್ಚು. ಅನ್ನ, ಬೇಳೆ, ಇಡ್ಲಿ ಎಲ್ಲದರ ಹಬೆಯೂ ಬಿಗಿಯಾಗಿ ಮುಚ್ಚಿದ ಮನೆಯ ತಣ್ಣನೆ ಗೋಡೆಗೆ ತಗಲಿ ಬೂಷ್ಟು ಹಿಡಿಯುತ್ತದೆ. ಮನೆ ಬಿಡುವಾಗ ಆ ಗೋಡೆಯ ಖರ್ಚು ನಮ್ಮ ತಲೆಗೇ ಬಂದೀತು. ಇನ್ನೊಂದು ಮಾತು: ಇಲ್ಲಿ ಪ್ರತಿ ಮನೆಯಲ್ಲೂ ಹೊಗೆ ಕಂಡರೆ ಕಿರುಚುವ ಪುಟ್ಟ ಯಂತ್ರ ಮಾಳಿಗೆಗೆ ಹಾಕಿರುತ್ತಾರೆ. ಒಣಮೆಣಸಿನಕಾಯಿ ಒಗ್ಗರಣೆ ಸೀದರೆ ಕಟ್ಟಡದವರೆಲ್ಲ ಮೆಟ್ಟಿಲಿಗೆ ಬಂದು ನಿಲ್ಲುತ್ತಾರೆ. ಒಗ್ಗರಣೆ ಸೌಟು ಒಲೆಗಿಡುವ ಮುಂಚೆ ಕಿಟಕಿ ತೆರೆಯಿರಿ.

ನಾಲ್ಕನೆಯದು ಉಪಚಾರ. ಮೊದಲ ಸಲ ಅಜ್ಜಿ ಸಂಜೆ ಕಾಫಿಗೆ ಕರೆದಾಗ, ಅವರೇ ಮಾಡಿದ ಸೇಬಿನ ಕೇಕು ಮುಂದಿಟ್ಟು "ಇನ್ನೊಂದು ಚೂರು?" ಎಂದರು. ನಮ್ಮ ಪದ್ಧತಿಯಂತೆ "ಬೇಡ ಬೇಡ" ಎಂದೆ. ತಟ್ಟೆ ಅಲ್ಲಿಂದಲೇ ಹಿಂದೆ ಹೋಯಿತು! ಎರಡನೆಯ ಸಲ ಕೇಳುತ್ತಾರೆ ಎಂದು ಕಾದೆ. ಎಲ್ಲಿಯ ಮಾತು! ಬೇಡ ಅಂದರೆ ಇಲ್ಲಿ ಬೇಡ. ಮಾತನ್ನು ಮಾತಿನ ಹಾಗೇ ನಂಬುತ್ತಾರೆ. ಹಾಗೆಯೇ, ಹುಟ್ಟುಹಬ್ಬದ ದಿನ ಆಫೀಸಿಗೆ ಕೇಕು ಒಯ್ಯಬೇಕಾದವರು ಹುಟ್ಟಿದವರೇ. ಒಂದು ದಿನ ಮುಂಚಿತವಾಗಿ ಶುಭಾಶಯ ಹೇಳಿದಿರೋ, ಅಪಶಕುನ! ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ನಮ್ಮ ಬೆಕ್ಕು ಅಡ್ಡಬರುವುದಕ್ಕೆ ನಗುವವರ ಮನೆಯ ದೋಸೆಯೂ ತೂತೇ ಎಂದು ನನಗೆ ಸಮಾಧಾನ.

ಐದನೆಯದು ಭಾಷೆ. ಇಂಗ್ಲಿಷು ಬಂದರೆ ಸಾಕು ಎಂದುಕೊಂಡು ಬಂದವಳು ನಾನು. ಸಾಲದು. ಆದರೆ ಒಂದು ವಿಷಯದಲ್ಲಿ ಕನ್ನಡದವರು ಪುಣ್ಯವಂತರು. ಜರ್ಮನ್ ಭಾಷೆಯಲ್ಲೂ ನಮ್ಮ ಹಾಗೆ 'ನೀನು', 'ನೀವು' ಬೇರೆ ಬೇರೆ ಇವೆ. 'ಡು' ಎಂದರೆ ನೀನು, 'ಜೀ' ಎಂದರೆ ನೀವು. ವರ್ಷಗಟ್ಟಲೆ ಎದುರು ಬದುರು ಮನೆಯಲ್ಲಿದ್ದರೂ 'ನೀವು' ಎಂದೇ ಮಾತಾಡುತ್ತಾರೆ. 'ನೀನು' ಎನ್ನಬೇಕಾದರೆ ಹಿರಿಯರು ತಾವಾಗಿ ಅನುಮತಿ ಕೊಡಬೇಕು. ಕಿರಿಯರು ಮುಂದಾಗುವಂತಿಲ್ಲ. ವೈದ್ಯರ ಬಳಿ ಕಾಯುವ ಕೋಣೆಗೆ ಹೊಸಬರು ಬಂದರೆ ಕುಳಿತವರಿಗೆಲ್ಲ ಸೇರಿಸಿ ಒಂದು ನಮಸ್ಕಾರ ಹೇಳಿ ಕೂರುತ್ತಾರೆ. ಈ ಸೀಮೆಯಲ್ಲಿ 'ಗ್ರ್ಯೂಸ್ ಗಾಟ್' ಎನ್ನುವುದು ರೂಢಿ; ದೇವರ ಹೆಸರೆತ್ತಿ ಹೇಳುವ ನಮಸ್ಕಾರ. ಮಧ್ಯಾಹ್ನ ಕೆಲಸದ ಜಾಗಗಳಲ್ಲಿ ಎದುರಾದವರಿಗೆ 'ಮಾಲ್‌ತ್ಸೈಟ್' ಎನ್ನುತ್ತಾರೆ. ಊಟದ ಹೊತ್ತು ಎಂದು ಅರ್ಥ. ನಮ್ಮ "ಊಟ ಆಯ್ತಾ?" ಎನ್ನುವುದರ ದೂರದ ನೆಂಟ! ಆದರೆ ಅಜ್ಜಿಯನ್ನು ನಾನು ದಿನಾ "ಊಟ ಆಯ್ತೇ?" ಎಂದು ಕೇಳಿದಾಗ, ಈ ಹುಡುಗಿ ಹಸಿದುಕೊಂಡಿದ್ದಾಳೋ ಏನೋ ಎಂದು ಅವರು ಒಮ್ಮೆ ರೊಟ್ಟಿ ತಂದುಕೊಟ್ಟದ್ದೂ ಉಂಟು.

ಭಾಷೆ ಬಾಯಿಗೆ ಬಾರದೆ ಸೋತಾಗಲೆಲ್ಲ ನಾನು ಕಿಟೆಲ್ಲರನ್ನು ನೆನೆಯುತ್ತಿದ್ದೆ. ಅವರು ಇಪ್ಪತ್ತೊಂದರ ಹುಡುಗನಾಗಿ 1853ರಲ್ಲಿ ಜರ್ಮನಿಯಿಂದ ನಮ್ಮ ಕಡೆಗೆ ಬಂದು, ಕನ್ನಡ ಕಲಿತು, 1894ರಲ್ಲಿ ನಮಗೆ ಅಷ್ಟು ದೊಡ್ಡ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟವರು. 1903ರಲ್ಲಿ ಅವರು ತೀರಿಕೊಂಡ ಟ್ಯೂಬಿಂಗೆನ್ ಊರು ಇಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗರು 1881ರಲ್ಲಿ ಕಣ್ಣು ಮುಚ್ಚಿದ ಎಸ್ಲಿಂಗೆನ್ ಅಂತೂ ಪಕ್ಕದ ಊರೇ. ಅವರಿಗೆ ನಮ್ಮ 'ಳ'ಕಾರ, 'ಣ'ಕಾರ ಎಷ್ಟು ಕಾಡಿರಬೇಡ! ಅವರು ಕಲಿತರೆಂದ ಮೇಲೆ ನಾನು ಯಾಕೆ ಸೋಲಲಿ ಎಂದು ಮತ್ತೆ ಪುಸ್ತಕ ತೆರೆಯುತ್ತಿದ್ದೆ.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಎರಡು ವರ್ಷದಲ್ಲಿ ನಾನು ಎಲ್ಲ ಕಲಿತೆ. ಹೇಳದೆ ಕೇಳದೆ ಯಾರ ಮನೆಗೂ ಹೋಗಬಾರದು. ಸಂಬಳ ಎಷ್ಟು, ಮಕ್ಕಳು ಯಾಕಿಲ್ಲ, ಮಗ ಯಾಕೆ ಬಂದು ನೋಡುವುದಿಲ್ಲ ಎಂದೆಲ್ಲ ಕೇಳಬಾರದು. ಅವರ ಬಾಗಿಲು ಅವರದು, ನಮ್ಮ ಬಾಗಿಲು ನಮ್ಮದು. ಇಷ್ಟು ಚೆನ್ನಾಗಿ ಕಲಿತೆನಲ್ಲ, ಅದರಿಂದಲೇ ಒಂದು ದೊಡ್ಡ ತಪ್ಪು ಮಾಡಿದೆ. ಆ ಹಾಸನದ ತಾಯಿಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ.

2012ರ ಜನವರಿ. ಒಂದು ಶನಿವಾರ. ಇಲ್ಲಿ ಕಿಟಕಿಗಳಿಗೆ ಹೊರಗಡೆಯಿಂದ ನಮ್ಮ ಅಂಗಡಿಗಳ ಷಟರಿನಂಥದು ಇರುತ್ತದೆ. ರಾತ್ರಿ ಇಳಿಸಿ ಬೆಳಿಗ್ಗೆ ಏರಿಸುತ್ತಾರೆ. ಕೆಳಗಿನ ಅಜ್ಜಿ ಮಳೆ ಇರಲಿ ಹಿಮ ಇರಲಿ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಗರಗರ ಎಂದು ಏರಿಸುತ್ತಿದ್ದರು. ನನಗೆ ಅದೇ ಸುಪ್ರಭಾತ. ಅವತ್ತು ಆ ಸದ್ದು ಕೇಳಲಿಲ್ಲ. ವಯಸ್ಸಾದವರು, ಎಂಬತ್ತರ ಹತ್ತಿರ ಹತ್ತಿರ, ಚಳಿಗೆ ಮಲಗಿರಬೇಕು ಎಂದುಕೊಂಡೆ. ಒಂಬತ್ತೂವರೆಗೆ ಬ್ರೆಡ್ಡು ತರಲು ಹೊರಟಾಗ ನೋಡುತ್ತೇನೆ, ಷಟರು ಇಳಿದೇ ಇದೆ. ಆ ವಾರದ ಪಾಳಿಯ ಹಲಗೆ ಅವರ ಬಾಗಿಲಲ್ಲೇ ತೂಗುತ್ತಿದೆ, ಮೆಟ್ಟಿಲು ಗುಡಿಸಿಲ್ಲ. ಶನಿವಾರ ಎಂಟು ಗಂಟೆಯೊಳಗೆ ಅವರು ಮೆಟ್ಟಿಲು ಗುಡಿಸದೇ ಇದ್ದದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ.

ಹತ್ತು ಗಂಟೆಗೆ ವಾಪಸು ಬರುವಾಗ ಅವರ ಬಾಗಿಲ ಮುಂದೆ ನಿಂತೆ. ಗಂಟೆಯ ಮೇಲೆ ಬೆರಳಿಡಲು ಕೈ ಎತ್ತಿದೆ. ಒತ್ತಲಿಲ್ಲ. ಮಲಗಿದ್ದರೆ? ಎಬ್ಬಿಸಿದಳು ಎಂದು ಬೇಸರಪಟ್ಟುಕೊಂಡರೆ? ಗುಡಿಸಿಲ್ಲ ಎಂದು ಕೇಳಲು ಬಂದಳು ಎಂದುಕೊಂಡರೆ? ಹಾಗೇ ಮೇಲೆ ಬಂದೆ. ನಮ್ಮವರು ಆ ದಿನ ಊರಲ್ಲಿರಲಿಲ್ಲ. ಫೋನು ಮಾಡಿದರೆ, "ಅವರ ವಿಷಯಕ್ಕೆ ನಾವ್ಯಾಕೆ ಹೋಗೋದು? ಮಗನ ಮನೆಗೆ ಹೋಗಿರ್ತಾರೆ ಬಿಡು" ಎಂದರು. ಅದೂ ಸರಿಯೇ ಅನ್ನಿಸಿತು. ಅನ್ನಕ್ಕಿಟ್ಟೆ. ಮನಸ್ಸು ನಿಲ್ಲಲಿಲ್ಲ. ನಮ್ಮೂರಲ್ಲಾಗಿದ್ದರೆ ಎದುರು ಮನೆಯಾಕೆಯ ಹೊಸ್ತಿಲ ಮುಂದೆ ಏಳು ಗಂಟೆಯಾದರೂ ರಂಗೋಲಿ ಬಿದ್ದಿಲ್ಲ ಎಂದರೆ ಬೀದಿಗೆ ಬೀದಿಯೇ "ಯಾಕ್ರೀ, ಹುಷಾರಿಲ್ವಾ?" ಎಂದು ಬಾಗಿಲಿಗೆ ಬಂದಿರುತ್ತಿರಲಿಲ್ಲವೇ? ಹಾಗೆ ಬರುವವರನ್ನು ಕಂಡು, ಎಲ್ಲದಕ್ಕೂ ಮೂಗು ತೂರಿಸ್ತಾರೆ ಎಂದು ನಾನೇ ಎಷ್ಟು ಸಲ ಗೊಣಗಿರಲಿಲ್ಲ?

ಹನ್ನೆರಡಕ್ಕೆ ಒಲೆ ಆರಿಸಿ ಕೆಳಗೆ ಓಡಿದೆ. ಗಂಟೆ ಒತ್ತಿದೆ. ಒಂದು ಸಲ, ಎರಡು ಸಲ, ಮೂರು ಸಲ. ಬಾಗಿಲಿಗೆ ಕಿವಿಯಿಟ್ಟು ಅವರ ಹೆಸರು ಹಿಡಿದು ಕೂಗಿದೆ. ಒಳಗೆ ದೂರದಲ್ಲಿ ಟಕ್ ಟಕ್ ಎಂದು ಏನನ್ನೋ ನೆಲಕ್ಕೆ ಬಡಿಯುವ ಸದ್ದು ಕೇಳಿಸಿತು.

ಇಲ್ಲಿ ಆಂಬುಲೆನ್ಸಿಗೂ ಬೆಂಕಿ ಆರಿಸುವವರಿಗೂ ಒಂದೇ ನಂಬರು, 112. ಭಾಷೆಯ ತರಗತಿಯಲ್ಲಿ ಹೇಳಿಕೊಟ್ಟಿದ್ದರು: ಎಲ್ಲಿ, ಏನಾಗಿದೆ, ಎಷ್ಟು ಜನಕ್ಕೆ, ಅಷ್ಟು ಹೇಳು, ಅವರು ಇಡುವವರೆಗೆ ಫೋನು ಇಡಬೇಡ ಎಂದು. ನನ್ನ ಮುರುಕು ಜರ್ಮನ್ನಿನಲ್ಲಿ ಅಷ್ಟನ್ನೇ ಹೇಳಿದೆ. ಅಗ್ನಿಶಾಮಕ ದಳದವರೂ ಆಂಬುಲೆನ್ಸಿನವರೂ ಬೇಗ ಬಂದು ಬಾಗಿಲು ತೆರೆದರು. ಅಜ್ಜಿ ರಾತ್ರಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಏಳಲಾಗದೆ ತಣ್ಣನೆ ನೆಲದ ಮೇಲೆ ಹಾಗೇ ಬಿದ್ದಿದ್ದರು. ಕೈಗೆ ಸಿಕ್ಕಿದ್ದು ತಲೆ ಬಾಚುವ ಬ್ರಷ್ಷು. ಅದರಿಂದ ನೆಲ ಬಡಿಯುತ್ತಿದ್ದರು. ಸ್ಟ್ರೆಚರಿನ ಮೇಲೆ ಒಯ್ಯುವಾಗ ನನ್ನ ಕಡೆ ಕೈ ಚಾಚಿ ಅವರು ಹೇಳಿದ ಮಾತು ಏನು ಗೊತ್ತೇ? "ಮೆಟ್ಟಿಲು ಗುಡಿಸಲಾಗಲಿಲ್ಲ."

ನಾನೇ ಗುಡಿಸಿದೆ. ಅಳುತ್ತಾ ಗುಡಿಸಿದೆ.

ಆಸ್ಪತ್ರೆ, ಅಲ್ಲಿಂದ ನಡಿಗೆ ಅಭ್ಯಾಸ ಮಾಡಿಸುವ ಕೇಂದ್ರ ಎಂದು ಏಳು ವಾರ ಕಳೆದು ಮನೆಗೆ ಬಂದರು. ಮಗನೂ ಬಂದು ಕೆಲವು ದಿನ ಇದ್ದು ಹೋದ. ಒಂದು ಸಂಜೆ ನಾನು ಸಾರು, ಮೆತ್ತಗೆ ಬೇಯಿಸಿದ ಅನ್ನ ತೆಗೆದುಕೊಂಡು ಹೋಗಿದ್ದೆ. ಗಂಟೆ ಒತ್ತಿಯೇ ಹೋದೆ ಅನ್ನಿ! ಉಂಡು ಮುಗಿಸಿ, ಚಮಚ ಕೆಳಗಿಟ್ಟು, ಅವರು ಮೆಲ್ಲಗೆ ಕೇಳಿದರು: "ಅವತ್ತು ಬೆಳಿಗ್ಗೆ ಯಾರೋ ಮೆಟ್ಟಿಲಿಳಿದು ಹೋಗಿ, ಸ್ವಲ್ಪ ಹೊತ್ತಿನ ಮೇಲೆ ವಾಪಸು ಬಂದು, ನನ್ನ ಬಾಗಿಲ ಹತ್ತಿರ ನಿಂತರು. ನಿಮ್ಮ ಹೆಜ್ಜೆ ಸಪ್ಪಳ ನನಗೆ ಗೊತ್ತು. ಕೂಗಲು ನೋಡಿದೆ, ಗಂಟಲಿನಿಂದ ಸ್ವರ ಬರಲಿಲ್ಲ. ನೀವು ಯಾಕೆ ಹಾಗೇ ಹೋದಿರಿ?"

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕು ಎಂದು ಕೇಳಿದ್ದರು. ನನಗೆ ತಲೆ ಎತ್ತಲಾಗಲಿಲ್ಲ. "ನಿಮಗೆ ತೊಂದರೆ ಆದೀತು ಅಂತ..." ಎಂದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀವು ನಮಗಿಂತ ಹೆಚ್ಚು ಜರ್ಮನ್ ಆಗಿಬಿಟ್ಟಿದ್ದೀರಿ" ಎಂದರು. ಎದ್ದು, ಕೋಲೂರಿಕೊಂಡು ಹೋಗಿ, ಮೇಜಿನ ಖಾನೆಯಿಂದ ಒಂದು ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟರು. "ಬೆಳಿಗ್ಗೆ ಎಂಟಾದರೂ ಷಟರು ಏರದಿದ್ದರೆ ಒಳಗೆ ಬಾ. ಗಂಟೆ ಒತ್ತಬೇಕಾಗಿಲ್ಲ" ಎಂದರು. 'ಬನ್ನಿ' ಎನ್ನಲಿಲ್ಲ, ಗಮನಿಸಿದಿರಾ? 'ಡು' ಎಂದಿದ್ದರು. ನೀನೂ ನನಗೆ ಹಾಗೇ ಅನ್ನು ಎಂದರು. ಅಷ್ಟು ಹಿರಿಯರನ್ನು ಹೇಗೆ ಏಕವಚನದಲ್ಲಿ ಕರೆಯುವುದು ಎಂದು ಕ್ಷಣ ತಡವರಿಸಿದೆ. ಆಮೇಲೆ ನೆನಪಾಯಿತು: ಊರಿನಲ್ಲಿ ನಮ್ಮಜ್ಜಿಯನ್ನು ನಾನು ಕೂಗುತ್ತಿದ್ದದ್ದೇ "ಏ ಅಜ್ಜಿ, ನೀನು ಬಾ" ಎಂದಲ್ಲವೇ? ಮತ್ತೆ ಕಷ್ಟವಾಗಲಿಲ್ಲ.

ಹಾಸನದ ಅಮ್ಮನವರೇ, ಈಗ ನಿಮ್ಮ ಪ್ರಶ್ನೆಗೆ ಉತ್ತರ. ಪಕ್ಕದ ಮನೆಯವರು ತಾವಾಗಿ ಬರುವುದು ಅಪರೂಪ. ಆದರೆ ಕರೆದರೆ ಬರುತ್ತಾರೆ. ಬರುತ್ತೇನೆ ಎಂದರೆ ಹೇಳಿದ ಗಳಿಗೆಗೇ ಬರುತ್ತಾರೆ. 2014ರಲ್ಲಿ ನನಗೆ ಹೆರಿಗೆಯ ನೋವು ನಡುರಾತ್ರಿ ಶುರುವಾದಾಗ ದೊಡ್ಡ ಮಗುವನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಒತ್ತಿದ್ದು ಅದೇ ಕೆಳಗಿನ ಮನೆಯ ಗಂಟೆಯನ್ನು. ಆದ್ದರಿಂದ ಮಗಳಿಗೆ ಮುಖ್ಯವಾಗಿ ಕಲಿಸಬೇಕಾದದ್ದು ಬಾಯಿ ಬಿಟ್ಟು ಕೇಳುವುದನ್ನು. ನಮ್ಮ ಹೆಣ್ಣುಮಕ್ಕಳಿಗೆ ಅದೇ ಬರುವುದಿಲ್ಲ. ಮುಖ ನೋಡಿ ಅರ್ಥ ಮಾಡಿಕೊಳ್ಳಲಿ ಎಂದು ಕಾಯುತ್ತೇವೆ. ಅಲ್ಲಿ ಮುಖ ಓದುವವರಿಲ್ಲ, ಮಾತು ಕೇಳುವವರಿದ್ದಾರೆ.

ಇನ್ನು ಕೆಲವು ಉಪಯುಕ್ತ ಸೂಚನೆಗಳು:

ವೀಸಾಕ್ಕೆ ಬೇಕಾಗಲಿ ಬಿಡಲಿ, ಮಗಳು ಸ್ವಲ್ಪವಾದರೂ ಜರ್ಮನ್ ಕಲಿತೇ ಹೊರಡಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ.

ಸಾರಿನ ಪುಡಿ, ಹುಳಿ ಪುಡಿ, ಹಪ್ಪಳ ಧಾರಾಳವಾಗಿ ಕಟ್ಟಿ. ತುಪ್ಪ, ಪೇಡ, ಖೋವಾದಂಥ ಹಾಲಿನ ಪದಾರ್ಥಗಳನ್ನು ಮಾತ್ರ ಕಟ್ಟಬೇಡಿ. ಹೊರದೇಶದಿಂದ ಅವುಗಳನ್ನು ಒಯ್ಯಲು ಅಲ್ಲಿ ನಿಷೇಧವಿದೆ. ವಿಮಾನ ನಿಲ್ದಾಣದಲ್ಲಿ ತೆಗೆದು ಬಿಸಾಡುತ್ತಾರೆ. ಒಳ್ಳೆಯ ಬೆಣ್ಣೆ ಅಲ್ಲೇ ಸಿಗುತ್ತದೆ, ಕಾಯಿಸಿಕೊಳ್ಳಲಿ. ಕರಿಬೇವು, ನುಗ್ಗೆಕಾಯಿ ದೊಡ್ಡ ಊರುಗಳ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಸಿಗುತ್ತವೆ.

ರವೆಯಲ್ಲಿ ಎರಡು ಬಗೆ. ಪ್ಯಾಕೆಟಿನ ಮೇಲೆ 'ವೈಖ್‌ವೈಟ್ಸನ್' ಎಂದಿದ್ದರೆ ಮೆತ್ತನೆಯ ಗೋಧಿಯದು, ಉಪ್ಪಿಟ್ಟು ಅಂಟಾಗುತ್ತದೆ. 'ಹಾರ್ಟ್‌ವೈಟ್ಸನ್' ಎಂದಿರುವುದನ್ನು ತರಲಿ. ಚೆನ್ನಾಗಿ ಹುರಿದರೆ ಉದುರುದುರಾಗಿ ಬರುತ್ತದೆ.

ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗುವುದಿಲ್ಲ ಎಂದು ಅಳುವುದು ಬೇಡ. ಪಾತ್ರೆಯನ್ನು ಓವನ್ನಿನೊಳಗಿಟ್ಟು, ಬಿಸಿ ಹಚ್ಚದೆ, ಒಳಗಿನ ದೀಪ ಮಾತ್ರ ಉರಿಸಿಟ್ಟರೆ ಬೆಳಗಾಗುವಷ್ಟರಲ್ಲಿ ಉಬ್ಬಿ ಬರುತ್ತದೆ. ಪಾತ್ರೆಯ ಕೆಳಗೆ ಒಂದು ತಟ್ಟೆ ಇಡುವುದನ್ನು ಮರೆಯಬಾರದು.

ಮನೆಗೆ ಹೋದ ಮೊದಲ ವಾರವೇ ಬಾಡಿಗೆ ಕರಾರಿನ ಜೊತೆ ಕೊಡುವ ಮನೆ ನಿಯಮಗಳನ್ನು ಗಂಡನ ಹತ್ತಿರ ಓದಿಸಿಕೊಳ್ಳಲಿ. ಕರೆಗಂಟೆಯ ಪಟ್ಟಿ ನೋಡಿ ಎಲ್ಲ ಮನೆಯವರ ಹೆಸರನ್ನೂ ಬಾಯಿಪಾಠ ಮಾಡಲಿ. 112 ಎಂಬ ನಂಬರನ್ನು ಅಡಿಗೆಮನೆಯ ಗೋಡೆಗೆ ಬರೆದು ಅಂಟಿಸಲಿ.

ಅವರು ಬರಲಿ ಎಂದು ಕಾಯದೆ, ಒಂದು ತಟ್ಟೆ ಕೋಡುಬಳೆಯನ್ನೋ ರವೆ ಉಂಡೆಯನ್ನೋ ಹಿಡಿದು ಅವಳೇ ಹೋಗಿ ಗಂಟೆ ಒತ್ತಲಿ. ಅಲ್ಲಿಯೂ ಹೊಸದಾಗಿ ಬಂದವರೇ ಹೋಗಿ ಪರಿಚಯ ಹೇಳಿಕೊಳ್ಳುವುದು ವಾಡಿಕೆ. ನನಗೆ ಅದು ಗೊತ್ತಿರಲಿಲ್ಲ. ನಾನು ಅವರಿಗಾಗಿ, ಅವರು ನನಗಾಗಿ ಕಾದು, ಮೊದಲ ಎರಡು ವಾರ ಹಾಗೇ ದಂಡವಾದವು.

ಅಜ್ಜಿ ಈಗಿಲ್ಲ. 2019ರ ಬೇಸಿಗೆಯಲ್ಲಿ ಹೋದರು. ಅವರ ಮನೆಗೆ ಗಂಡ ಹೆಂಡತಿ, ಒಂದು ಕೈಗೂಸು, ಹೊಸಬರು ಬಂದಿದ್ದಾರೆ. ಬಾಗಿಲಿಗೆ ಪಾಳಿಯ ಹಲಗೆ ಹಾಕುವ ಮುಂಚೆ ನಾನೇ ಹೋಗಿ, ಅದೇನು ಎಂದು ತಿಳಿಸಿ, ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು, ನೀರು ಸುರಿಯಬಾರದು ಎಂದು ಹೇಳಿ ಬಂದೆ. ಆ ಹುಡುಗಿ ನಕ್ಕು, "ನೀರು ಯಾರು ಸುರೀತಾರೆ?" ಎಂದಳು. ನಾನು ಸುಮ್ಮನಿದ್ದೆ.

ಮುಂದಿನ ಸಂಚಿಕೆಯಲ್ಲಿ, ಮಗಳ ಬಾಣಂತನಕ್ಕೆಂದು ಇಲ್ಲಿಗೆ ಬರುವ ತಾಯಂದಿರಿಗೆ ಬೇಕಾದ ವಿಷಯ ಬರೆಯುತ್ತೇನೆ. ಇಲ್ಲಿ ಸೂಲಗಿತ್ತಿ ಮನೆಗೇ ಬಂದು ಬಾಣಂತಿಯನ್ನೂ ಮಗುವನ್ನೂ ನೋಡಿಹೋಗುವ ಪದ್ಧತಿ ಇಂದಿಗೂ ಇದೆ. ಅಂಟಿನುಂಡೆ ಕಂಡು ಅವಳು ಏನೆಂದಳು ಎಂಬುದನ್ನೂ ಆಗಲೇ ಹೇಳುತ್ತೇನೆ.